ಮೂರು ದಿನದ ಮಾತು

ಅಂಗಡಿಯ ಹಿಂದಿನ ಕೋಣೆ,
ಹನ್ನೆರಡನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಮ್ಮಾ,

ಇವತ್ತು ಬೆಳಿಗ್ಗೆಯಿಂದ ಅಪ್ಪ ನಡೆದಾಗಲೆಲ್ಲ ಟಕ್ ಟಕ್ ಎಂದು ಸದ್ದಾಗುತ್ತಿದೆ. ಎಡಗಾಲಿನ ಚಪ್ಪಲಿಯ ಅಡಿಗೆ, ನಾವು ಕಷಾಯಕ್ಕೆ ಮಾರುವ ನೆಗ್ಗಿಲು ಮುಳ್ಳೊಂದು ಕಚ್ಚಿಕೊಂಡಿದೆ. ಮೇಜಿನಿಂದ ಚೀಲಗಳ ಹತ್ತಿರಕ್ಕೆ, ಚೀಲಗಳಿಂದ ತಕ್ಕಡಿಯ ಹತ್ತಿರಕ್ಕೆ, ಅವರು ಹೋದಲ್ಲೆಲ್ಲ ಮುಳ್ಳೂ ಹೋಗುತ್ತಿದೆ. ಬೇರೆ ದಿನವಾಗಿದ್ದರೆ ಎರಡನೇ ಹೆಜ್ಜೆಗೇ ನಿಂತು, ಚಪ್ಪಲಿ ಕಳಚಿ, ಮುಳ್ಳು ಕಿತ್ತು, ಯಾರೂ ನೋಡುತ್ತಿಲ್ಲ ಎಂದುಕೊಂಡು ಅದನ್ನು ಮತ್ತೆ ಚೀಲಕ್ಕೇ ಹಾಕುತ್ತಿದ್ದರು. ನೀನಿದ್ದಿದ್ದರೆ ‘ಕಾಲಡಿದನ್ನ ಜನಕ್ಕೆ ಕುಡಿಸ್ತೀರಾ?’ ಎಂದು ಒಳಗಿನಿಂದಲೇ ಕೂಗುತ್ತಿದ್ದೆ. ಇವತ್ತು ಅವರಿಗೆ ಆ ಸದ್ದು ಕೇಳಿಸುತ್ತಲೇ ಇಲ್ಲ. ನಾನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ಉಳಿಯುವುದು ನನಗೆ ಈಚೆಗೆ ಅಭ್ಯಾಸವೇ ಆಗಿಬಿಟ್ಟಿದೆ. ಅದಕ್ಕೇ ಈ ಕಾಗದ.

ಮೊದಲು ನಿನ್ನ ಸಮಾಚಾರ. ಮಂಡಿ ಹೇಗಿದೆ? ದೊಡ್ಡಮ್ಮನ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀಯ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಊರವರ ಮಂಡಿಗೆಲ್ಲ ಎಣ್ಣೆ ಕೊಟ್ಟು ನೀನು ಒಣಮಂಡಿಯಲ್ಲೇ ಓಡಾಡುತ್ತಿದ್ದೀಯೋ? ದೊಡ್ಡಮ್ಮ ಕೋಲು ಹಿಡಿದು ಬಾಗಿಲವರೆಗೆ ಬಂದರು ಎಂದು ಹೋದ ವಾರ ಹೇಳಿದೆಯಲ್ಲ, ಕೇಳಿ ಜೀವ ತಣ್ಣಗಾಯಿತು. ಸೊಂಟದ ಮೂಳೆ ಕೂಡಿಕೊಳ್ಳುವವರೆಗೆ ಅವರು ನಿನ್ನ ಮಾತು ಕೇಳಿಯಾರು. ಕೂಡಿಕೊಂಡ ಮರುದಿನದಿಂದ ನೀನು ಅವರ ಮಾತು ಕೇಳಬೇಕಾಗುತ್ತದೆ, ತಯಾರಾಗಿರು. ದೊಡ್ಡಮ್ಮಾ, ಕೋಪ ಮಾಡಿಕೊಳ್ಳಬೇಡಿ. ಈ ಕಾಗದವನ್ನು ಗಟ್ಟಿಯಾಗಿ ಓದುತ್ತಿರುವುದು ನೀವೇ ಎಂದು ನನಗೆ ಗೊತ್ತು. ಅಮ್ಮ ಕನ್ನಡಕ ಹಾಕಿಕೊಳ್ಳುವುದಿಲ್ಲವಲ್ಲ, ಹಾಕಿಕೊಂಡರೆ ವಯಸ್ಸಾಗಿಬಿಡುತ್ತದಂತೆ. ನಿಮ್ಮಲ್ಲಿ ಒಂದೇ ಬೇಡಿಕೆ. ಮುಂದೆ ಬರುವುದನ್ನು ಕೇಳಿ ಅಮ್ಮ ನೊಂದುಕೊಳ್ಳುತ್ತಾಳೆ ಎಂದು ಒಂದು ಸಾಲನ್ನೂ ಹಾರಿಸಬೇಡಿ. ಒಂದು ಮಾತು ಹಾರಿಹೋದದ್ದರಿಂದಲೇ ಇಷ್ಟೆಲ್ಲ ಆದದ್ದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಪಾತ್ರೆ ತೊಳೆಯುತ್ತಾ ಮಾತಾಡುತ್ತೀಯ. ನಾನು ಇಲ್ಲಿ ಅಪ್ಪನ ಬೆನ್ನ ಹಿಂದೆ ನಿಂತು ಮಾತಾಡಬೇಕು. ನನ್ನ ಬಾಯಿಯೋ, ನಿನಗೆ ಗೊತ್ತಿದ್ದದ್ದೇ. ನಾಲ್ಕು ಜನರ ಎದುರು ತೆರೆದುಕೊಳ್ಳುವ ಬಾಯಿಯಲ್ಲ ಅದು. ಸೂಜಿ ಮದ್ದು ಕೊಡುವಾಗಲೂ ಅಳದೆ, ಮುಗಿದ ಮೇಲೆ ಮನೆಗೆ ಬಂದು ಅಳುತ್ತಿದ್ದ ಮಗು ನಾನು ಎಂದು ನೀನೇ ಎಲ್ಲರಿಗೂ ಹೇಳುತ್ತೀಯ.

ವಿಷಯ ಏನೆಂದರೆ, ಬಟನ್ ಅಕ್ಕ ಶುಕ್ರವಾರದಿಂದ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ದೊಡ್ಡಮ್ಮನಿಗೆ ಅವಳ ಗುರುತು ಇರಲಿಕ್ಕಿಲ್ಲ. ನಮ್ಮ ಅಂಗಡಿಯ ಎದುರಿಗೆ ಅಂಗಿ ಹೊಲಿಯುವ ಶೆಡ್ ಇದೆಯಲ್ಲ, ಅಲ್ಲಿ ಕಿಟಕಿಯ ಪಕ್ಕ ಗುಂಡಿ ಹಾಕುವ ಮಶೀನಿನ ಮುಂದೆ ಕೂರುವವಳು. ದಿನಕ್ಕೆ ಎರಡು ಸಾವಿರ ಗುಂಡಿ. ತನ್ನ ಅಂಗಿಗೆ ಮಾತ್ರ ಯಾವಾಗಲೂ ಒಂದು ಗುಂಡಿ ಕಡಿಮೆ, ಅಲ್ಲೊಂದು ಪಿನ್ನು. ನಾನು ಮೇಜಿನ ಹಿಂದೆ ಪುಸ್ತಕ ಹಿಡಿದು ಕೂತಾಗ ಅವಳು ನನಗೆ ನೇರವಾಗಿ ಕಾಣುತ್ತಾಳೆ. ಬೆಳಿಗ್ಗೆ ಬರುವಾಗ ಅವಳ ಕೈಯಲ್ಲಿ ಒಂದು ನೀಲಿ ನೀರಿನ ಬಾಟಲಿ ಇರುತ್ತದೆ, ಕತ್ತಿನವರೆಗೂ ತುಂಬಿರುತ್ತದೆ. ಸಂಜೆ ಹೋಗುವಾಗಲೂ ಅದು ಕತ್ತಿನವರೆಗೂ ತುಂಬಿಯೇ ಇರುತ್ತದೆ. ಇದನ್ನು ನಾನು ತಿಂಗಳುಗಟ್ಟಲೆ ನೋಡಿದ್ದೇನೆ, ಬರೆಯಲು ಒಳ್ಳೆಯ ಚಿತ್ರ ಎಂದು ನನ್ನ ಡೈರಿಯಲ್ಲೂ ಬರೆದಿಟ್ಟುಕೊಂಡಿದ್ದೇನೆ. ಯಾಕೆ ಹೀಗೆ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಗೊತ್ತಾಯಿತು. ಪಾಯಖಾನೆಯ ಬೀಗದ ಕೈ ಮೇಲ್ವಿಚಾರಕನ ಮೇಜಿನ ಮೇಲಿರುತ್ತದೆ. ಬೇಕಾದವರು ಎಲ್ಲರ ಎದುರು ಹೋಗಿ ಕೇಳಬೇಕು, ಪಾಳಿಗೆ ಎರಡೇ ಸಲ, ಹೋದವರ ಹೆಸರನ್ನು ಅವನು ಹಲಗೆಯ ಮೇಲೆ ಬರೆಯುತ್ತಾನೆ. ನಲವತ್ತು ಹೆಂಗಸರು. ನೀರು ಕುಡಿಯದಿದ್ದರೆ ಕೇಳುವ ಗೋಜೇ ಇಲ್ಲ ಎಂದು ಎಲ್ಲರೂ ಬಾಯಿ ಒಣಗಿಸಿಕೊಂಡು ಕೂರುತ್ತಾರೆ.

ಅವಳು ನಮ್ಮ ಅಂಗಡಿಗೆ ಬಂದದ್ದು ಆಸ್ಪತ್ರೆ ಸೇರುವ ಹನ್ನೊಂದು ದಿನ ಮೊದಲು. ಅಪ್ಪ ಒಳಗೆ ಬೇರು ಜಜ್ಜುತ್ತಿದ್ದರು. ಅವಳು ಮೇಜಿನ ಮೇಲೆ ಬಗ್ಗಿ, ಹೊರಗೆ ನೋಡುತ್ತಾ, ‘ಅದು ಉರಿ ಕಣಮ್ಮ, ಆ ಉರಿ. ನಿಮ್ಮಮ್ಮ ಕೊಡ್ತಾರಲ್ಲ ಆ ಪೊಟ್ಟಣ’ ಎಂದಳು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಪೊಟ್ಟಣ ತೆಗೆದುಕೊಟ್ಟೆ. ಒಳಗೆ ಚೀಟಿ ಇದೆ, ಓದಿಕೊಳ್ಳಿ ಎಂದೆ, ಅಷ್ಟೇ. ನೀನಾಗಿದ್ದರೆ ಅವಳ ಕೈ ಹಿಡಿದು ಕೂರಿಸಿಕೊಂಡು ನಿನ್ನ ಮೂರು ದಿನದ ಮಾತನ್ನು ಹೇಳದೆ ಕಳಿಸುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ‘ಮೂರೇ ದಿನ ಕುಡೀಬೇಕು. ಮೂರು ದಿನಕ್ಕೆ ಕಮ್ಮಿ ಆಗ್ಲಿಲ್ಲ ಅಂದ್ರೆ ನನ್ನ ಹತ್ರ ಬರಬೇಡ, ಡಾಕ್ಟ್ರ ಹತ್ರ ಹೋಗು. ಚಳಿ ಹತ್ತಿದ್ರೆ, ಬೆನ್ನು ಹಿಡಿದ್ರೆ, ಕೆಂಪಗೆ ಹೋದ್ರೆ, ಮೂರು ದಿನಾನೂ ಕಾಯ್ಬೇಡ, ಆವತ್ತೇ ಓಡು. ಬಸುರಿಯಾಗಿದ್ರೆ ಈ ಪೊಟ್ಟಣ ಮುಟ್ಟಲೇಬೇಡ, ಸೀದಾ ಆಸ್ಪತ್ರೆಗೆ.’ ಒಂದು ಸಲ ಹೇಳಿ, ಅವರು ಮೆಟ್ಟಿಲಿಳಿಯುವಾಗ ಬೆನ್ನ ಹಿಂದಿನಿಂದ ಮತ್ತೊಂದು ಸಲ ಕೂಗಿ ಹೇಳುತ್ತಿದ್ದೆ. ನನಗೆ ನಾಚಿಕೆಯಾಗಿ ಮೇಜಿನ ಕೆಳಗೆ ಏನೋ ಬಿದ್ದ ಹಾಗೆ ಹುಡುಕುತ್ತಿದ್ದೆ. ನೀನು ದೊಡ್ಡಮ್ಮನ ಮನೆಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ, ‘ಚೀಟಿ ಇದೆ ಅಂತ ಸುಮ್ನಿರ್ಬೇಡ, ಬಾಯಲ್ಲೂ ಹೇಳು’ ಎಂದೆಯಲ್ಲ, ಹೂಂ ಎಂದಿದ್ದೆ. ನೀನು ಹೋದ ಈ ಆರು ವಾರದಲ್ಲಿ ಒಬ್ಬರಿಗೂ ಹೇಳಿಲ್ಲ ಅಮ್ಮಾ.

ಚೀಟಿಯಲ್ಲಿಯೂ ಆ ಮಾತು ಇಲ್ಲ. ಇದು ನಿನಗೆ ಗೊತ್ತಿರಲಿಲ್ಲ. ನೀನು ಹೇಳಿದ್ದನ್ನೆಲ್ಲ ನಾನು ಬರೆದುಕೊಂಡಿದ್ದೆ, ಆದರೆ ಅಚ್ಚಿಗೆ ಹೋದಾಗ ಜಾಗ ಸಾಲದೆ ಅದು ಬಿಟ್ಟುಹೋಯಿತು. ನೀನು ಅಂಗಡಿಯಲ್ಲಿ ಇರುವವರೆಗೆ ಅದು ಇಲ್ಲದ್ದು ಯಾರಿಗೂ ತಿಳಿಯಲಿಲ್ಲ, ನೀನೇ ಹೇಳುತ್ತಿದ್ದೆಯಲ್ಲ. ನೀನು ಹೋದ ಮೇಲೆ ಚೀಟಿಯೊಂದೇ ಉಳಿಯಿತು. ಚೀಟಿಯಲ್ಲಿ ಏನೇನಿದೆ ಎಂದರೆ, ನೆಗ್ಗಿಲು, ಮೆಕ್ಕೆಜೋಳದ ಕೂದಲು, ಬಾರ್ಲಿ, ಕೊತ್ತಂಬರಿ ಬೀಜ, ಎಷ್ಟು ನೀರು, ಎಷ್ಟು ಕುದಿ, ಸೋಸುವುದು ಹೇಗೆ. ಕೊನೆಯಲ್ಲಿ ನನ್ನದೇ ಎರಡು ಸಾಲು: ‘ಗುಣವು ನಿಧಾನವಾಗಿ ಬರುತ್ತದೆ, ತಾಳ್ಮೆಯಿಂದ ಕಾಯಿರಿ. ತೊರೆಯು ತನ್ನ ದಾರಿಯನ್ನು ತಾನೇ ತೊಳೆದುಕೊಳ್ಳುತ್ತದೆ.’ ಇದನ್ನು ಬರೆದ ದಿನ ನನಗೆ ಎಷ್ಟು ಸಂತೋಷವಾಗಿತ್ತು ಎಂದರೆ, ಮಧ್ಯಾಹ್ನ ಊಟಕ್ಕೆ ಎರಡು ಸಲ ಬಡಿಸಿಕೊಂಡಿದ್ದೆ.

ಆರನೇ ದಿನ ಬಟನ್ ಅಕ್ಕ ಮತ್ತೆ ಬಂದಳು. ಮುಖ ಸಣ್ಣಗಾಗಿತ್ತು. ಒಂದು ಕೈ ಬೆನ್ನಿಗೆ ಊರಿತ್ತು. ನಾನು ಆ ಕೈಯನ್ನು ನೋಡಿದೆ ಅಮ್ಮಾ. ಕೂತು ಕೂತು ಬೆನ್ನು ನೋವೇನೋ ಎಂದುಕೊಂಡೆ. ‘ಇನ್ನೂ ಇದೆಯಮ್ಮ, ಮುಂದುವರಿಸ್ಲಾ?’ ಎಂದು ಕೇಳಿದಳು. ಅವಳ ಹಿಂದೆ ಇಬ್ಬರು ಗಂಡಸರು ನಿಂತಿದ್ದರು. ನಾನು ತಲೆ ಎತ್ತದೆ, ‘ಚೀಟಿಯಲ್ಲಿ ಇದ್ದ ಹಾಗೆ ಮಾಡಿ’ ಎಂದು ಇನ್ನೊಂದು ಪೊಟ್ಟಣ ಕೊಟ್ಟೆ. ಅವಳು ಚೀಟಿಯಲ್ಲಿ ಇದ್ದ ಹಾಗೇ ಮಾಡಿದಳು. ತಾಳ್ಮೆಯಿಂದ ಕಾದಳು.

ಶುಕ್ರವಾರ ಮಶೀನಿನ ಮೇಲೇ ಕುಸಿದಳಂತೆ. ಹಲ್ಲು ಕಟಕಟ ಎನ್ನುವ ಚಳಿ, ಮೈ ಕೆಂಡ. ಶೆಡ್ಡಿನವರೇ ಆಟೋದಲ್ಲಿ ಸಾಗಿಸಿದರು. ಶನಿವಾರ ಬೆಳಿಗ್ಗೆ ಕಿಟಕಿಯ ಪಕ್ಕದ ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು, ಬಾಟಲಿ ಇರಲಿಲ್ಲ. ವಿಚಾರಿಸಿಕೊಂಡು ಸಂಜೆ ಆಸ್ಪತ್ರೆಗೆ ಹೋದೆ. ಅಪ್ಪನಿಗೆ ಗೆಳತಿಯ ಮನೆಗೆ ಎಂದೆ. ನನಗೆ ಗೆಳತಿಯರೇ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ವಾರ್ಡಿನಲ್ಲಿ ಅವಳ ನಾದಿನಿ ಕೂತಿದ್ದಳು, ಬಾಯಿ ಬಲು ಜೋರು. ನನ್ನನ್ನು ನೋಡಿದ್ದೇ, ‘ಬಂದ್ಲು ನೋಡು ಕಷಾಯದ ಡಾಕ್ಟ್ರಮ್ಮ. ಇನ್ನೆರಡು ದಿನ ಬಿಟ್ಟಿದ್ರೆ ನಮ್ಮ ಅತ್ತಿಗೆ ಕಿವೀಲಿ ಎಲೆ ಚಿಗುರ್ತಿತ್ತು’ ಎಂದಳು. ಪಕ್ಕದ ಮಂಚದವರೆಲ್ಲ ನಕ್ಕರು. ಬಟನ್ ಅಕ್ಕನೂ ನಕ್ಕಳು, ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡಳು. ಆಮೇಲೆ ನಾದಿನಿಗೆ, ‘ಸುಮ್ನಿರೇ, ಅವಳೇನು ಮಾಡ್ತಾಳೆ ಪಾಪ’ ಎಂದು ಗದರಿ, ದಿಂಬಿನ ಕೆಳಗಿನಿಂದ ಏನೋ ತೆಗೆದಳು. ನಮ್ಮ ಚೀಟಿ. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಾಳೆ, ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿದೆ. ‘ನೀನೇ ಬರ್ದಿದ್ದಂತಲ್ಲ ತಂಗಿ. ಚಳಿ ಹತ್ತಿದಾಗ ಎರಡು ಸಲ ಓದ್ಕೊಂಡೆ. ತಾಳ್ಮೆ ಅಂತ ಇತ್ತಲ್ಲ, ಧೈರ್ಯ ಬಂತು’ ಎಂದಳು. ನನ್ನನ್ನು ಯಾರಾದರೂ ಹೊಗಳಿದರೆ ಸಾಕು ಎಂದು ಕಾಲೇಜಿನ ಐದು ವರ್ಷವೂ ಒಳಗೊಳಗೇ ಹಂಬಲಿಸಿದವಳು ನಾನು. ಸಿಕ್ಕಿತು ನೋಡು ಹೊಗಳಿಕೆ. ಅವಳು ನನ್ನ ಕೈ ಹಿಡಿದಿದ್ದಳು, ಸೂಜಿ ಚುಚ್ಚಿದ ಕೈಯಿಂದ. ನಾನು ಹೂಂ, ಹೂಂ ಎನ್ನುತ್ತಾ ನೆಲದ ಟೈಲ್ಸ್ ಎಣಿಸಿದೆ.

ಹೊರಡುವಾಗ ಒಬ್ಬರು ಡಾಕ್ಟರು ಸಿಕ್ಕರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು, ಕೊರಳಿಗೆ ದಾರದಲ್ಲಿ ಪೆನ್ನು ಕಟ್ಟಿಕೊಂಡಿದ್ದರು. ಧೈರ್ಯ ಮಾಡಿ ಪೊಟ್ಟಣ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಿಚ್ಚಿ, ಮೂಸಿ, ‘ನಮ್ಮಜ್ಜಿ ಮನೆ ವಾಸನೆ’ ಎಂದರು. ಆಮೇಲೆ ಹೇಳಿದರು: ‘ಇದನ್ನ ಕುಡಿದದ್ದರಿಂದ ಹೀಗಾಯ್ತು ಅಂತ ನಾನು ಹೇಳಲ್ಲ. ಇದನ್ನ ನಂಬಿಕೊಂಡು ತಡ ಮಾಡಿದ್ರಿಂದ ಆಗಿದ್ದು. ಕೆಳಗಿದ್ದ ಸೋಂಕು ಮೂತ್ರಪಿಂಡಕ್ಕೆ ಏರಿದೆ. ಐದು ದಿನ ಮುಂಚೆ ಬಂದಿದ್ರೆ ಬಹುಶಃ ಮಾತ್ರೆಯಲ್ಲೇ ಮುಗೀತಿತ್ತು.’ ಐದು ದಿನ ಮುಂಚೆ ಎಂದರೆ ಆ ಆರನೇ ದಿನ. ಅವಳು ನಮ್ಮ ಮೇಜಿನ ಮುಂದೆ ಬೆನ್ನಿಗೆ ಕೈ ಊರಿ ನಿಂತಿದ್ದ ದಿನ.

ನಿನ್ನೆ ಜ್ವರ ಇಳಿದಿದೆ. ಆದರೆ ಎಡಗಡೆಯ ಮೂತ್ರಪಿಂಡದಲ್ಲಿ ಏನೋ ಕಪ್ಪು ನೆರಳು ಕಾಣಿಸಿದೆಯಂತೆ, ಗುರುವಾರ ಇನ್ನೊಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಕೀವು ಕಟ್ಟಿದ್ದರೆ ತೆಗೆಯಬೇಕಾಗಬಹುದು, ಇಲ್ಲದಿದ್ದರೆ ಇನ್ನೊಂದು ವಾರಕ್ಕೆ ಮನೆಗೆ.

ನಾನು ಮಾಡಿದ್ದು ಎಷ್ಟು ತಪ್ಪು, ನಮ್ಮ ಪೊಟ್ಟಣ ಎಷ್ಟು ಸರಿ ಎಂದು ತಿಳಿಯದೆ ಇರಲಾಗಲಿಲ್ಲ. ನಿನ್ನೆ ಬೆಳಿಗ್ಗೆ ನನ್ನ ಹಳೆಯ ಕಾಲೇಜಿನ ಲೈಬ್ರರಿಗೆ ಹೋದೆ. ಅಲ್ಲಿನ ಮೌನ ಮೇಡಂ ನೆನಪಿದ್ದಾರಲ್ಲ, ಇಡೀ ಕಟ್ಟಡಕ್ಕೆ ಶ್ ಎನ್ನುವವರು. ನಾನು ಕಾಗದದ ಚೂರಿನಲ್ಲಿ ಬರೆದುಕೊಟ್ಟ ವಿಷಯವನ್ನು ಅವರು ಕಂಪ್ಯೂಟರಿನ ಮುಂದೆ ಕೂತು ಓದಿ, ‘ಏನಿದು, ಹೆಂಗಸರ ಮೂತ್ರನಾಳದ ಸೋಂಕಾ? ಯಾರಿಗೆ, ನಿನಗಾ?’ ಎಂದು ಗಟ್ಟಿಯಾಗಿ ಕೇಳಿದರು. ಓದುತ್ತಿದ್ದ ಹುಡುಗರೆಲ್ಲ ತಲೆ ಎತ್ತಿದರು. ಅಷ್ಟು ವರ್ಷ ಅಲ್ಲಿ ಓದಿದ್ದರೂ ಅಲ್ಲಿಯವರೆಗೆ ನನ್ನ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಆದರೂ ಅವರು ಒಳ್ಳೆಯವರು, ಏಳೆಂಟು ಸಂಶೋಧನಾ ಲೇಖನ ಹುಡುಕಿ ಪಕ್ಕದಲ್ಲೇ ಕೂರಿಸಿಕೊಂಡು ಅರ್ಥ ಹೇಳಿದರು.

ನಾನು ತಿಳಿದುಕೊಂಡಷ್ಟನ್ನು ನಿನಗೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳು. ಮೆಕ್ಕೆಜೋಳದ ಕೂದಲಿನ ಬಗ್ಗೆ ಬರೆದದ್ದು ಬೇಕಾದಷ್ಟಿದೆ, ಆದರೆ ಹೆಚ್ಚಿನದು ಇಲಿಗಳ ಮೇಲೆ, ಗಾಜಿನ ನಳಿಕೆಯೊಳಗೆ. ಮನುಷ್ಯರ ಮೇಲೆ ಸರಿಯಾಗಿ ನೋಡಿದ್ದು ತೀರಾ ಕಡಿಮೆ. ನೆಗ್ಗಿಲನ್ನು ಜನರಿಗೆ ಕೊಟ್ಟು ನೋಡಿದ್ದಾರೆ, ಆದರೆ ಕೆಲವೇ ಜನರಿಗೆ, ಅದೂ ಬೇರೆ ಬೇರೆ ಬೇರಿನ ಜೊತೆ ಬೆರೆಸಿ, ಹಾಗಾಗಿ ಯಾವುದರಿಂದ ಏನಾಯಿತು ಎಂದು ಹೇಳುವಂತಿಲ್ಲ. ಕೊತ್ತಂಬರಿ ಬೀಜ, ಬಾರ್ಲಿಯದ್ದೂ ಹೆಚ್ಚು ಕಡಿಮೆ ಅದೇ ಕಥೆ. ನಾವು ಮಾರದೇ ಇರುವ ಕ್ರ್ಯಾನ್‌ಬೆರಿ ಎಂಬ ಒಂದು ಹುಳಿ ಹಣ್ಣಿದೆ. ಅದರ ಬಗ್ಗೆ ಮಾತ್ರ ದೊಡ್ಡ ದೊಡ್ಡ ಅಧ್ಯಯನಗಳಿವೆ. ಪದೇ ಪದೇ ಈ ತೊಂದರೆ ಬರುವ ಕೆಲವು ಹೆಂಗಸರಿಗೆ ಅದು ಮತ್ತೆ ಬರುವುದನ್ನು ಸ್ವಲ್ಪ ಕಡಿಮೆ ಮಾಡುತ್ತದಂತೆ. ಬಂದಿರುವುದನ್ನು ಅದೂ ಗುಣಪಡಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಸೌಮ್ಯವಾದದ್ದು ಕೆಲವು ಸಲ ನೀರು ಕುಡಿದು ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದಂತೆ, ಹಾಗಾಗಿ ಆ ಹೊತ್ತಿನಲ್ಲಿ ಏನು ಕುಡಿದಿದ್ದರೂ ಅದಕ್ಕೆ ಹೆಸರು ಬರುತ್ತದೆ. ನನಗೆ ತುಂಬಾ ನಾಟಿದ್ದು ಇನ್ನೊಂದು. ನೀರು ಕಡಿಮೆ ಕುಡಿಯುವ, ಪದೇ ಪದೇ ಈ ತೊಂದರೆ ಬರುವ ಹೆಂಗಸರನ್ನೇ ಆರಿಸಿ, ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರು ನೀರು ಹೆಚ್ಚಿಗೆ ಕುಡಿಯಲು ಹೇಳಿ ಒಂದು ವರ್ಷ ನೋಡಿದ್ದಾರೆ. ಬರೀ ನೀರು. ಅವರಿಗೆ ಮತ್ತೆ ಬಂದದ್ದು ಉಳಿದವರಿಗಿಂತ ಸುಮಾರು ಅರ್ಧ. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ನೀಲಿ ಬಾಟಲಿಯೇ.

ಆ ಲೇಖನಗಳ ಭಾಷೆ ಒಣ ಸೌದೆ ಇದ್ದ ಹಾಗೆ. ಪುಟ ಪುಟಕ್ಕೂ ‘ಇರಬಹುದು’, ‘ಇನ್ನೂ ನೋಡಬೇಕಿದೆ’, ‘ಇಷ್ಟರಿಂದ ಹೇಳಲಾಗದು’. ಮೊದಲು ನಗು ಬಂತು, ಬರೆಯಲು ಬಾರದವರು ಎಂದುಕೊಂಡೆ. ಆಮೇಲೆ ನಾಚಿಕೆಯಾಯಿತು. ನೀನು ಒಂದು ಲೇಖನವನ್ನೂ ಓದದೆ, ಕನ್ನಡಕವೂ ಇಲ್ಲದೆ ಹೇಳುತ್ತಿದ್ದದ್ದು ಇದೇ ಅಲ್ಲವಾ? ಕುಡಿ, ಸಮಾಧಾನವಾದರೂ ಆದೀತು, ಆದರೆ ಇಷ್ಟೇ ದಿನ, ಆಮೇಲೆ ಹೋಗು. ಇದನ್ನು ನೀನು ಎಲ್ಲಿ ಕಲಿತೆ ಅಮ್ಮಾ? ಯಾರನ್ನಾದರೂ ಕಳೆದುಕೊಂಡು ಕಲಿತೆಯಾ? ಇಷ್ಟು ವರ್ಷದಲ್ಲಿ ಇದನ್ನೂ ನಾನು ಕೇಳಲಿಲ್ಲ.

ಈಗ ಅಪ್ಪನ ವಿಷಯ. ಬಟನ್ ಅಕ್ಕ ಆಸ್ಪತ್ರೆ ಸೇರಿದ್ದು ಅವರಿಗೂ ಗೊತ್ತು, ಬೀದಿಗೇ ಗೊತ್ತು. ‘ನಮ್ಮ ಕಷಾಯದಿಂದ ಯಾರಿಗೂ ಏನೂ ಆಗಿಲ್ಲ, ಆಗೋದೂ ಇಲ್ಲ’ ಎಂದು ಯಾರೂ ಕೇಳದಿದ್ದರೂ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಆದರೆ ಭಾನುವಾರ ಆ ಪೊಟ್ಟಣಗಳನ್ನು ಮುಂದಿನ ಕಪಾಟಿನಿಂದ ತೆಗೆದು ಹಿಂದಿನದಕ್ಕೆ ಇಟ್ಟಿದ್ದಾರೆ. ಕೇಳಿದ್ದಕ್ಕೆ ಧೂಳು ಎಂದರು. ಹೀಗಿರುವಾಗ ನಿನ್ನೆ ಸಂಜೆ ಶೆಡ್ಡಿನ ಮಾಲೀಕರೇ ಅಂಗಡಿಗೆ ಬಂದರು. ಹೆಂಗಸರೆಲ್ಲ ಹೆದರಿದ್ದಾರಂತೆ, ಇನ್ನೂ ಐದಾರು ಜನ ಉರಿ ಎನ್ನುತ್ತಿದ್ದಾರಂತೆ. ಶನಿವಾರ ಎಲ್ಲರಿಗೂ ಎರಡೆರಡು ಪೊಟ್ಟಣ ಹಂಚಬೇಕು, ಒಟ್ಟು ಎಂಬತ್ತು. ಚೀಟಿಯನ್ನು ಎತ್ತಿ ಹಿಡಿದು, ‘ಇದು ಬಲು ಚೆನ್ನಾಗಿದೆ ಸ್ವಾಮಿ, ತಾಳ್ಮೆ ಅಂತ ಹೇಳಿದ್ದೀರಲ್ಲ, ನಮ್ಮ ಹೆಣ್ಣುಮಕ್ಕಳಿಗೆ ಬೇಕಾಗಿರೋದೇ ಅದು’ ಎಂದರು. ಬೀಗದ ಕೈಯ ಮಾತು ಅವರೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಒಳಗೆ ನಿಂತಿದ್ದ ನಾನೂ ಎತ್ತಲಿಲ್ಲ. ಬೆನ್ನು ತಟ್ಟಿಸಿಕೊಂಡ ಅಪ್ಪ ಎಷ್ಟೋ ದಿನದ ಮೇಲೆ ನಗುತ್ತಿದ್ದರು. ಮಾಲೀಕರು ಹೋದ ಮೇಲೆ, ‘ಇನ್ನೂರು ಚೀಟಿ ಮತ್ತೆ ಅಚ್ಚು ಹಾಕಿಸು ಪುಟ್ಟಿ. ಒಂದಕ್ಷರ ಬದಲಾಯಿಸಬೇಡ’ ಎಂದರು. ಇವತ್ತು ಬೆಳಿಗ್ಗೆಯಿಂದ ಆ ನಗು ಇಲ್ಲ. ಎಂಬತ್ತು ಪೊಟ್ಟಣಕ್ಕೆ ಮುಳ್ಳು ತೂಗುತ್ತಾ ನಡುನಡುವೆ ನಿಂತುಬಿಡುತ್ತಾರೆ. ಅವರಿಗೂ ಒಳಗೊಳಗೆ ಭಯವಿದೆ. ಏನೆಂದು ಕೇಳಿದರೆ ನನ್ನ ಮೇಲೇ ರೇಗುತ್ತಾರೆ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ಈ ಕಾಗದ ಕೈಗೆ ಸೇರಿದ ತಕ್ಷಣ ನೀನು ಅಪ್ಪನಿಗೆ ಫೋನ್ ಮಾಡಿ, ಆ ಪೊಟ್ಟಣಗಳು ಶೆಡ್ಡಿಗೆ ಹೋಗಕೂಡದು ಎಂದು ಹೇಳಬೇಕು. ನಿನ್ನ ಮಾತಾದರೆ ಅವರು ಕೇಳುತ್ತಾರೆ. ನಾನು ಹೇಳಿದರೆ, ‘ಎರಡು ಪುಸ್ತಕ ಓದಿದ್ದಕ್ಕೆ ಅಂಗಡಿ ಮುಚ್ಚಿಸ್ತೀಯಾ’ ಎನ್ನುತ್ತಾರೆ. ಚೀಟಿಯ ವಿಷಯವನ್ನು ಅಚ್ಚಿನವನ ತಪ್ಪು ಎಂದೇ ಹೇಳು. ಬಟನ್ ಅಕ್ಕನಿಗೆ ಈಗಲೇ ಏನೂ ತಿಳಿಯುವುದು ಬೇಡ, ಗುರುವಾರ ಕಳೆಯಲಿ. ನೀನು ಬಂದ ಮೇಲೆ ನಿನ್ನ ರೀತಿಯಲ್ಲಿ ಅವಳಿಗೆ ಸಮಾಧಾನ ಹೇಳಿದರಾಯಿತು.

ಇಲ್ಲಿ ನಾವಿಬ್ಬರೂ ಹೊಟ್ಟೆಗೆ ಕಡಿಮೆ ಮಾಡಿಕೊಂಡಿಲ್ಲ. ಅಪ್ಪ ಬೇಯಿಸಿದ ಅನ್ನ ಮುದ್ದೆಯಾಗುತ್ತದೆ, ನಾನು ಬೇಯಿಸಿದ್ದು ಉದುರುದುರಾಗಿ ಹಲ್ಲಿಗೆ ಸಿಗುತ್ತದೆ, ಎರಡನ್ನೂ ಬೆರೆಸಿ ತಿಂದರೆ ನಿನ್ನ ಕೈಯಡುಗೆಯ ಹತ್ತಿರ ಬರುತ್ತದೆ. ನೀನು ಕಪಾಟಿನಲ್ಲಿಟ್ಟು ಹೋದ ಸೀರೆಯನ್ನು ಎರಡು ಸಲ ಬಿಸಿಲಿಗೆ ಹಾಕಿದ್ದೇನೆ. ದೊಡ್ಡಮ್ಮನ ಸೊಂಟಕ್ಕೂ ನಿನ್ನ ಮಂಡಿಗೂ ಬೇರೆ ಬೇರೆ ನಮಸ್ಕಾರ. ಇಬ್ಬರೂ ಜಗಳವಾಡದೆ, ಆಡಿದರೂ ಕೂತುಕೊಂಡೇ ಆಡಿ, ಚೆನ್ನಾಗಿರಿ.

ನಿನ್ನ ಮೂಲೆಗುಂಪು ಮಗಳು,
ಪುಟ್ಟಿ

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಬಿಚ್ಚಿದ್ದೇನೆ, ಅಂಚು ಹರಿದಿದ್ದರೆ ಅದಕ್ಕೇ. ಡಬ್ಬಿಯ ಟಪಾಲು ಒಯ್ಯಲು ಇನ್ನು ಅರ್ಧ ಗಂಟೆಯಿದೆ. ದೊಡ್ಡಮ್ಮಾ, ಇದನ್ನು ನಿಧಾನವಾಗಿ ಓದಿ. ಅಚ್ಚಿನವನ ತಪ್ಪು ಏನೂ ಇಲ್ಲ. ಜಾಗ ಸಾಲದೆ ಹೋಗಲಿಲ್ಲ. ‘ಕೆಳಗೆ ಐದು ಸಾಲಿನ ಜಾಗ ಖಾಲಿ ಇದೆ, ಏನಾದ್ರೂ ಸೇರಿಸ್ತೀಯೇನಮ್ಮ?’ ಎಂದು ಅವನೇ ಕೇಳಿದ್ದ. ನಾನು ಅಲ್ಲಿ ಒಂದು ಎಲೆಯ ಚಿತ್ರ ಹಾಕಿಸಿದೆ. ನಿನ್ನ ಮೂರು ದಿನದ ಮಾತನ್ನು ನಾನೇ ಹೊಡೆದುಹಾಕಿದ್ದು ಅಮ್ಮಾ. ಕೆಂಪಗೆ ಹೋದರೆ, ಓಡು, ಇವೆಲ್ಲ ನನ್ನ ತೊರೆಯ ಸಾಲಿನ ಪಕ್ಕದಲ್ಲಿ ಒರಟಾಗಿ ಕಂಡವು. ಕರಡನ್ನು ನಿನಗೆ ಓದಿ ಹೇಳಿದಾಗ ನೀನು ಕಾಳು ಆರಿಸುತ್ತಾ, ‘ಮೂರು ದಿನದ್ದು ಬಂತಾ?’ ಎಂದು ಕೇಳಿದೆ. ಬಂತು ಎಂದೆ. ಅಷ್ಟು ಸುಲಭವಾಗಿ ಬಂತು ಆ ಸುಳ್ಳು, ನನ್ನ ಬಾಯಿಗೆ ನಾಚಿಕೆಯಾಗಲೇ ಇಲ್ಲ. ಇದನ್ನು ನಿನಗೆ ಬರೆದ ಮೇಲೆ, ಅಚ್ಚಿನ ಬಗ್ಗೆ ಮೇಲೆ ಹೇಳಿದ್ದು ಸುಳ್ಳು ಎಂದಾಯಿತು, ಹಾಗಾಗಿ ಮೇಲೆ ಕೇಳಿಕೊಂಡದ್ದನ್ನು ಬಿಟ್ಟುಬಿಡು. ಅಪ್ಪನಿಗೆ ನೀನು ಫೋನ್ ಮಾಡಬೇಡ. ಈ ಕಾಗದವನ್ನು ಡಬ್ಬಿಗೆ ಹಾಕಿ ಬಂದ ಕೂಡಲೇ ಅವರಿಗೆ ನಾನೇ ಹೇಳುತ್ತೇನೆ, ಬೈದರೆ ಬೈಯಲಿ. ಇನ್ನೂರು ಚೀಟಿ ಅಚ್ಚು ಹಾಕಿಸುವುದಿಲ್ಲ. ನಾಳೆ ನಾಲ್ಕು ಗಂಟೆಗೆ, ಗುರುವಾರಕ್ಕೆ ಮೊದಲೇ, ಬಟನ್ ಅಕ್ಕನ ಮಂಚದ ಪಕ್ಕ ಕೂತು, ನಾದಿನಿಯೂ ಇರುವಾಗಲೇ, ನಾನು ಏನು ಮಾಡಿದೆ ಎಂದು ಅವಳಿಗೆ ಹೇಳುತ್ತೇನೆ.